ಸಿಟ್ಟಿನಲ್ಲಿ ಮಗನಿಗೆ ಅಂದ ಮಾತು ಶಾಪ ಆಗುತ್ತಾ?

ಪ್ರಶ್ನೆ: ಮಾರ್ಕ್ಸ್ ಕಾರ್ಡ್ ನೋಡಿ ಸಿಟ್ಟು ಬಂದು ಮಗನಿಗೆ "ನೀನು ಉದ್ಧಾರ ಆಗಲ್ಲ" ಅಂದುಬಿಟ್ಟೆ. ಜೀವನ ಮರಣಗಳು ನಾಲಿಗೆಯ ವಶ ಅಂತ ಸತ್ಯವೇದದಲ್ಲೇ (ಬೈಬಲ್‌ನಲ್ಲೇ) ಇದೆ. ನನ್ನ ಮಾತು ಅವನಿಗೆ ತಗಲುತ್ತಾ?
– ಒಬ್ಬ ತಾಯಿ, ಕಮ್ಮನಹಳ್ಳಿ, ಬೆಂಗಳೂರು

ಶಾಪವಾಗಿ ತಗಲಲ್ಲ. ಆದರೆ ಅವನ ಕಿವಿಗೆ ಬಿದ್ದಿದೆ. ಸುಮ್ನೆ ಬಿಡುವ ಹಾಗೂ ಇಲ್ಲ.

ನೀವು ಹೇಳಿದ ವಚನ ಜ್ಞಾನೋಕ್ತಿ 18:21. ಅದೇ ಪುಸ್ತಕದ 26:2 ಕೂಡ ಓದಿ. ಕಾರಣವಿಲ್ಲದ ಶಾಪ ಹಾರಾಡುವ ಗುಬ್ಬಿಯ ಹಾಗೆ, ಬಂದು ಎರಗುವುದಿಲ್ಲ ಅಂತಿದೆ. ಬಾಯಿಂದ ಏನು ಘೋಷಿಸುತ್ತೀರೋ ಅದೇ ಆಗುತ್ತದೆ ಅಂತ ನಮ್ಮೂರಿನ ಕೆಲವು ಪ್ರಾರ್ಥನಾ ಕೂಟಗಳಲ್ಲಿ ಕಲಿಸುತ್ತಾರೆ. ಜ್ವರ ಬಂದರೂ ಜ್ವರ ಅನ್ನಬಾರದಂತೆ! ನನಗಿದು ಒಪ್ಪಿಗೆಯಿಲ್ಲ. "ಬೆಳಕಾಗಲಿ" ಅಂದ ಕೂಡಲೇ ಬೆಳಕಾದದ್ದು ದೇವರ ಮಾತಿಗೆ. ನನ್ನ ಮಾತಿಗೆ ನಮ್ಮನೆ ಟ್ಯೂಬ್‌ಲೈಟೂ ಹತ್ತಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆ 10:9ರಲ್ಲಿ ಬಾಯಿಂದ ಅರಿಕೆ ಮಾಡು ಅಂದಿರುವುದೂ ಬೇಕಾದ್ದನ್ನು ಘೋಷಿಸುವುದಕ್ಕಲ್ಲ, ಯೇಸುವೇ ಕರ್ತನೆಂದು ಒಪ್ಪಿಕೊಳ್ಳುವುದಕ್ಕೆ.

ಹಾಗಾದರೆ ಅಣ್ಣ ಏಸಾವನ ವೇಷದಲ್ಲಿ ಬಂದ ಕಿರಿಮಗ ಯಾಕೋಬನಿಗೆ ಇಸಾಕ ಕೊಟ್ಟ ಆಶೀರ್ವಾದವನ್ನು ವಾಪಸ್ ತಗೊಳ್ಳಲು ಆಗಲಿಲ್ಲ, ಅಲ್ವಾ? ನಿಜ, ಆದಿಕಾಂಡ 27. ಆದರೆ ಅದು ಬಾಯಿ ಜಾರಿ ಬಂದ ಮಾತಲ್ಲ. ಕಣ್ಣು ಮಬ್ಬಾದ ಮುದುಕ ಬೇಟೆಯದು ಅಂದುಕೊಂಡು ಊಟ ಮಾಡಿ, ಮಗನನ್ನು ಮುಟ್ಟಿ ನೋಡಿ, ವಿಲ್ ಬರೆದ ಹಾಗೆ ಕೊಟ್ಟದ್ದು. ಆ ಕಥೆಯಲ್ಲಿ ನನಗೆ ಕಾಡುವವನು ಏಸಾವ. ಅಪ್ಪಾ, ನನ್ನನ್ನೂ ಆಶೀರ್ವದಿಸು ಅಂತ ಗೋಳಾಡುತ್ತಾನೆ. ಸಿಕ್ಕಿದ್ದು ಕತ್ತಿ ಹಿಡಿದು ಬದುಕುವೆ, ತಮ್ಮನಿಗೆ ಸೇವೆ ಮಾಡುವೆ ಅನ್ನುವ ಮಾತು. ಈಗ 33ನೇ ಅಧ್ಯಾಯಕ್ಕೆ ಬನ್ನಿ. ಅದೇ ಏಸಾವ 400 ಜನರ ಜೊತೆ ಬರುತ್ತಾನೆ. ಹೆದರಿದ್ದ ತಮ್ಮನನ್ನು ಓಡಿಹೋಗಿ ತಬ್ಬಿಕೊಳ್ಳುತ್ತಾನೆ. ಕಾಣಿಕೆ ಕೊಡಲು ಹೋದರೆ, ನನಗೆ ಬೇಕಾದಷ್ಟಿದೆ, ನಿನ್ನದು ನಿನಗಿರಲಿ ಅನ್ನುತ್ತಾನೆ. ಅಪ್ಪನ ಮಾತು ಅವನನ್ನು ಮುಗಿಸಲಿಲ್ಲ. ಆದರೆ ನಡುವೆ 20 ವರ್ಷ ಹೋಗಿತ್ತು.

ನೀವು ಅಷ್ಟು ಕಾಯಬೇಡಿ. ಮಕ್ಕಳನ್ನು ಕೆಣಕಬೇಡಿ, ಮನಗುಂದಿಯಾರು ಅನ್ನುತ್ತಾನೆ ಪೌಲ (ಕೊಲೊಸ್ಸೆ 3:21). ಅಂದದ್ದು ಬಾಯಿಂದ, ಸರಿ ಮಾಡುವುದೂ ಬಾಯಿಂದಲೇ ಆಗಬೇಕು. ಇಷ್ಟದ ಬಿರಿಯಾನಿ ಮಾಡಿಕೊಟ್ಟರೆ ಆಗಲ್ಲ. "ಹಾಗಂದದ್ದು ನನ್ನ ತಪ್ಪು" ಅನ್ನಿ. ಅದರ ಬೆನ್ನಿಗೆ "ಆದರೆ ನೀನೂ ಓದಬೇಕಿತ್ತು" ಬೇಡ. ತಂಗಿಯ ಎದುರು ಬೈದಿದ್ದರೆ ತಂಗಿಯ ಎದುರೇ ಹೇಳಿ. ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಅವನ ತಲೆ ಮೇಲೆ ಕೈಯಿಟ್ಟು ಸತ್ಯವೇದದ ಅರಣ್ಯಕಾಂಡ 6:24ರ ಆಶೀರ್ವಾದ ಹೇಳಿ. ಕ್ಷಮೆ ಕೇಳಿದ ಮೇಲೆ, ಮುಂಚೆ ಅಲ್ಲ.

ದೇವರನ್ನು ಕೊಂಡಾಡುವ ಬಾಯಲ್ಲೇ ಮನುಷ್ಯರನ್ನು ಶಪಿಸುತ್ತೇವೆ ಅಂತ ಯಾಕೋಬನ ಪತ್ರಿಕೆ (ಈ ಯಾಕೋಬ ಬೇರೆ, ಏಸಾವನ ತಮ್ಮನಲ್ಲ) ಹೇಳುತ್ತದೆ. ಆರಾಧನೆ ಮುಗಿಸಿ ಬರುತ್ತಾ ಹಡ್ಸನ್ ಸರ್ಕಲ್ ಸಿಗ್ನಲ್‌ನಲ್ಲಿ ಆಟೋದವರ ಮೇಲೆ ರೇಗಿದವನು ನಾನು. ಮನೆಯಲ್ಲೂ ಕಮ್ಮಿಯಿಲ್ಲ. ಒಮ್ಮೆ ಮಗಳಿಗೆ "ದನ ಕಾಯೋಕೆ ಹೋಗು" ಅಂದಿದ್ದೆ. ಕೆಲವು ದಿನ ಬಿಟ್ಟು ಅಡುಗೆಮನೆಗೆ ಹೋದೆ. ಚಪಾತಿ ಲಟ್ಟಿಸುತ್ತಿದ್ದಳು. "ಮೊನ್ನೆ ಹಾಗಂದದ್ದು ತಪ್ಪಾಯ್ತು ಕಣಮ್ಮ" ಅಂದೆ. ಲಟ್ಟಣಿಗೆ ನಿಲ್ಲಲಿಲ್ಲ.

"ಮೊನ್ನೆ ಅಲ್ಲ ಪಪ್ಪಾ, ಹೋದ ಮಂಗಳವಾರ."