ವಿಕಾಸದ ಸಾಕ್ಷಿಗಳು: ಕೆಟ್ಟುಹೋದ ಜೀನ್ ಯಾಕೆ ಅಷ್ಟು ಗಟ್ಟಿ ಸಾಕ್ಷಿ?

ಪಳೆಯುಳಿಕೆ, ಅಂಗಗಳ ಹೋಲಿಕೆ, ಭ್ರೂಣ, ಡಿಎನ್‌ಎ. ವಿಕಾಸಕ್ಕೆ ಸಾಕ್ಷಿ ಏನು ಅಂದರೆ ಈ ಪಟ್ಟಿ ಎಲ್ಲರಿಗೂ ಬಾಯಿಗೆ ಬರುತ್ತದೆ. "ಅದು ಸಾಕ್ಷಿ ಹೇಗಾಗುತ್ತದೆ?" ಅಂತ ಪರೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆ ಕೇಳಿದರೆ ಮಾತ್ರ ಪೆನ್ನು ನಿಲ್ಲುತ್ತದೆ. ಈ ಟಿಪ್ಪಣಿ ಆ ಎರಡನೇ ಪ್ರಶ್ನೆಗೆ. ಭ್ರೂಣದ ಭಾಗ ಪಠ್ಯಪುಸ್ತಕದಲ್ಲಿ ಇರುವಷ್ಟೇ ಸಾಕು, ಇಲ್ಲಿ ಬರೆದಿಲ್ಲ.

ಪಳೆಯುಳಿಕೆ: ಶಹಾಬಾದ್ ಫರ್ಸಿಯಿಂದ ಶುರು ಮಾಡಿ

ಕಲಬುರಗಿಯಲ್ಲಿ ಓದುವವರಿಗೆ ಉದಾಹರಣೆ ಕಾಲ ಕೆಳಗೇ ಇದೆ. ಶಹಾಬಾದ್ ಫರ್ಸಿ ಅಂದರೆ ಸುಣ್ಣದ ಕಲ್ಲು. ಹಳೆಯ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತು ಗಟ್ಟಿಯಾದದ್ದು. ಸೇಡಂ, ವಾಡಿ ಕಡೆ ಸಿಮೆಂಟಿಗೆ ಅಗೆಯುವುದೂ ಇದನ್ನೇ. ಆದರೆ ಇದರಲ್ಲಿ ಶಂಖವಿಲ್ಲ, ಚಿಪ್ಪಿಲ್ಲ, ಮೀನಿನ ಮುಳ್ಳಿಲ್ಲ. ಸಿಗುವುದು ಪಾಚಿ, ಸೂಕ್ಷ್ಮಜೀವಿಗಳ ಗುರುತು ಮಾತ್ರ.

ತಮಿಳುನಾಡಿನ ಅರಿಯಲೂರಿನಲ್ಲೂ ಸಿಮೆಂಟಿಗೆ ಸುಣ್ಣದ ಕಲ್ಲು ಅಗೆಯುತ್ತಾರೆ. ಅದೂ ಸಮುದ್ರದ ತಳದ್ದೇ. ಅಲ್ಲಿ ಮಾತ್ರ ಅಮೋನೈಟ್ ಎನ್ನುವ ಸುರುಳಿ ಚಿಪ್ಪುಗಳು ಬೇಕಾದಷ್ಟು. ವ್ಯತ್ಯಾಸ ವಯಸ್ಸಿನದು. ಅರಿಯಲೂರಿನ ಕಲ್ಲು ಡೈನೋಸಾರ್‌ಗಳ ಕಾಲದ್ದು. ನಮ್ಮ ಭೀಮಾ ಕೊಳ್ಳದ ಈ ಶಹಾಬಾದ್ ಕಲ್ಲು ಪ್ರಾಣಿಗಳಿಗೆ ಚಿಪ್ಪು, ಎಲುಬು ಬರುವ ಮೊದಲಿನದು, 50 ಕೋಟಿ ವರ್ಷಕ್ಕೂ ಹಳೆಯದು.

ಸಾಕ್ಷಿ ಇರುವುದು ಈ ಸರದಿಯಲ್ಲಿ. ಸುಮ್ನೆ "ಹಳೆಯ ಎಲುಬು ಸಿಕ್ಕಿದೆ" ಅಂತ ಬರೆದರೆ ಅರ್ಧ ಉತ್ತರ ಆಗುತ್ತದೆ. ಯಾವುದು ಯಾವ ಪದರದಲ್ಲಿ ಸಿಗಬೇಕು, ಯಾವುದರಲ್ಲಿ ಸಿಗಬಾರದು ಅಂತ ಮೊದಲೇ ಹೇಳಲು ಬರಬೇಕು. ಮೀನಿಗೂ ನಾಲ್ಕು ಕಾಲಿನ ಪ್ರಾಣಿಗೂ ನಡುವಿನ ಪಳೆಯುಳಿಕೆ ಟಿಕ್ಟಾಲಿಕ್‌ನ ಕತೆ ಅದೇ. ಆಗ ಗೊತ್ತಿದ್ದಂತೆ 38 ಕೋಟಿ ವರ್ಷಕ್ಕೂ ಹಳೆಯ ಕಲ್ಲಿನಲ್ಲಿ ಬರೀ ಮೀನುಗಳು, ಸುಮಾರು 36 ಕೋಟಿ ವರ್ಷದ ಕಲ್ಲಿನಲ್ಲಿ ನಾಲ್ಕು ಕಾಲಿನವು. ಹಾಗಾದರೆ ನಡುವಿನದು ನಡುವಿನ ವಯಸ್ಸಿನ ಕಲ್ಲಿನಲ್ಲಿ ಇರಬೇಕು ಅಲ್ವಾ? ಪಳೆಯುಳಿಕೆ ವಿಜ್ಞಾನಿ ನೀಲ್ ಶೂಬಿನ್ ತಂಡ ಆ ವಯಸ್ಸಿನ ಕಲ್ಲು ಹುಡುಕಿಕೊಂಡು ಕೆನಡಾದ ಎಲ್ಸ್‌ಮಿಯರ್ ದ್ವೀಪಕ್ಕೆ ಹೋಯಿತು. 2004ರಲ್ಲಿ ಸಿಕ್ಕಿತು. ಮೈಮೇಲೆ ಹುರುಪೆ, ಈಜುರೆಕ್ಕೆಯ ಒಳಗೆ ಮಣಿಕಟ್ಟಿನಂಥ ಎಲುಬು, ತಿರುಗಿಸಬಲ್ಲ ಕತ್ತು.

ಯಾದಗಿರಿ ಕಡೆಯವರು ಇಸಾಂಪುರವನ್ನು ಈ ಉತ್ತರದೊಳಗೆ ತುರುಕಬೇಡಿ. ಅಲ್ಲಿ ಸಿಕ್ಕಿದ್ದು ಸುಮಾರು 12 ಲಕ್ಷ ವರ್ಷ ಹಳೆಯ ಕಲ್ಲಿನ ಕೈಕೊಡಲಿಗಳು. ನಮ್ಮ ಪ್ರಭೇದದ ವಯಸ್ಸು ಹೆಚ್ಚೆಂದರೆ 3 ಲಕ್ಷ ವರ್ಷದ ಆಸುಪಾಸು, ಹಾಗಾಗಿ ಅವನ್ನು ಮಾಡಿದವರು ನಾವಲ್ಲ, ನಮಗಿಂತ ಹಿಂದಿನವರು. ಆದರೆ ಅವರ ಎಲುಬು ಅಲ್ಲಿ ಸಿಕ್ಕಿಲ್ಲ. ಉಪಕರಣ ಬೇರೆ, ಪಳೆಯುಳಿಕೆ ಬೇರೆ.

ಎಲ್ಲರೂ ಸಿಕ್ಕಿಬೀಳುವ ಜಾಗ

ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುಕೈ, ನಮ್ಮ ಕೈ. ಮೂರರ ಒಳಗೂ ಎಲುಬಿನ ಜೋಡಣೆ ಒಂದೇ. ಆದ್ದರಿಂದ ಮೂಲ ಒಂದೇ ಅಂತ ಬರೆದು ಮುಂದೆ ಹೋಗುತ್ತೇವೆ. ನನ್ನ ರೂಮಿನಲ್ಲಿ ಔರಾದ್ ಕಡೆಯ ಗೆಳೆಯನೊಬ್ಬ ಇಲ್ಲೇ ಅಡ್ಡ ಹಾಕಿದ: "ಅಲ್ಲೋ, ಮಾಡಿದಾಂವ ಒಬ್ಬನೇ ಇದ್ರೆ ಎಲ್ಲಾ ಒಂದೇ ನಮೂನಿ ಇರ್ತಾವಲ್ಲ?"

ಪ್ರಶ್ನೆ ದಡ್ಡತನದ್ದಲ್ಲ. ಉಪಯೋಗಕ್ಕೆ ಬರುವ ಹೋಲಿಕೆ ಬೇರೆ ಕಾರಣಕ್ಕೂ ಬರಬಹುದು. ಶಾರ್ಕ್, ಡಾಲ್ಫಿನ್ ಎರಡರ ಮೈಕಟ್ಟೂ ನೀರು ಸೀಳುವಂತಿದೆ. ಒಂದು ಮೀನು, ಇನ್ನೊಂದು ಹಾಲು ಕುಡಿಸುವ ಪ್ರಾಣಿ. ಹಾಗಾಗಿ ನಮಗೆ ಬೇಕಾದದ್ದು ಯಾವ ಉಪಯೋಗಕ್ಕೂ ಬಾರದ ಹೋಲಿಕೆ. ಎರಡು ಜೀವಿಗಳಲ್ಲೂ ಒಂದೇ ಜಾಗದಲ್ಲಿ ಕೆಟ್ಟಿರುವಂಥದ್ದು.

ಆಡು, ನಾಯಿ, ಇಲಿ ತಮಗೆ ಬೇಕಾದ ವಿಟಮಿನ್ ಸಿ ಅನ್ನು ತಮ್ಮ ಯಕೃತ್ತಿನಲ್ಲೇ ಮಾಡಿಕೊಳ್ಳುತ್ತವೆ. ಆಡಿಗೆ ನಿಂಬೆಹಣ್ಣು ಬೇಕಿಲ್ಲ. ಈ ಕೆಲಸದ ಕೊನೆಯ ಹಂತಕ್ಕೆ ಗುಲೋ ಎನ್ನುವ ಜೀನ್ ಬೇಕು. ನಮ್ಮಲ್ಲಿ ಆ ಜೀನ್ ಇದೆ, 8ನೇ ಕ್ರೋಮೋಸೋಮಿನಲ್ಲಿ. ಆದರೆ ಅದರ ಹಲವು ತುಂಡು ಮಾಯವಾಗಿವೆ. ಉಳಿದದ್ದು ಕೆಲಸಕ್ಕೆ ಬಾರದು. ಚಿಂಪಾಂಜಿ, ಗೊರಿಲ್ಲಾ, ನಮ್ಮ ಕೋತಿಗಳಲ್ಲೂ ಅದೇ ಜೀನ್ ಕೆಟ್ಟಿದೆ. ಲೀಮರ್, ಕಾಡುಪಾಪಗಳ ಗುಂಪಿನಲ್ಲಿ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಅಂದರೆ ಆ ಗುಂಪು ಬೇರೆಯಾದ ಮೇಲೆ, ಕೋತಿಗಳೂ ನಾವೂ ಕವಲೊಡೆಯುವ ಮೊದಲು, ಸುಮಾರು 6 ಕೋಟಿ ವರ್ಷದ ಹಿಂದೆ ಇದು ಕೆಟ್ಟಿತು.

ಇದು ತಲೆಯಲ್ಲಿ ಕೂರಬೇಕಾದರೆ ಪಹಣಿ ನೆನೆಸಿಕೊಳ್ಳಿ. ಅಜ್ಜನ ಹೆಸರು ಶರಣಪ್ಪ. ಬರೆಯುವಾಗ ಒಂದಕ್ಷರ ಬಿಟ್ಟು ಶರಪ್ಪ ಅಂತಾಯಿತು. ಮೂರು ಗಂಡುಮಕ್ಕಳಿಗೆ ಹೊಲ ಹಂಚಿದಾಗ ಮೂವರ ಪಹಣಿಯಲ್ಲೂ ತಂದೆ ಶರಪ್ಪ. ಒಬ್ಬ ಮಗ ಬಸವರಾಜನ ಹೆಸರು ಬಸರಾಜ ಆಯಿತು. ಅವನ ಮಕ್ಕಳ ಕಾಗದದಲ್ಲಿ ಎರಡೂ ತಪ್ಪು, ಉಳಿದ ಮೊಮ್ಮಕ್ಕಳ ಕಾಗದದಲ್ಲಿ ಮೊದಲನೆಯದು ಮಾತ್ರ. ಕಾಗದಗಳನ್ನೆಲ್ಲ ಕಲಸಿ ಅಪರಿಚಿತನ ಕೈಗೆ ಕೊಟ್ಟರೂ ತಪ್ಪು ನೋಡಿಯೇ ಯಾರು ಯಾರ ಮಗ ಅಂತ ಬೇರ್ಪಡಿಸುತ್ತಾನೆ. ಸರಿಯಾಗಿ ಬರೆದ "ಶರಣಪ್ಪ" ಅವನಿಗೆ ಅಷ್ಟು ಉಪಯೋಗವಿಲ್ಲ, ಆ ಹೆಸರಿನವರು ಊರಿಗೆ ಹತ್ತು ಜನ.

ಈಗ ಗಿನಿ ಪಿಗ್. ಅದಕ್ಕೂ ವಿಟಮಿನ್ ಸಿ ಮಾಡಲು ಬರುವುದಿಲ್ಲ, ಅದರ ಗುಲೋ ಕೂಡ ಕೆಟ್ಟಿದೆ. ಹಾಗಾದರೆ ಅದು ನಮ್ಮ ಹತ್ತಿರದ ನೆಂಟನೇ? ಅಲ್ಲ. ಅದರಲ್ಲಿ ಕಳೆದುಹೋದ ತುಂಡುಗಳ ಪಟ್ಟಿಯೇ ಬೇರೆ. ಪಕ್ಕದೂರಿನ ಇನ್ನೊಬ್ಬ ಶರಣಪ್ಪ "ಶರಣಪ" ಆದ ಹಾಗೆ. ತಪ್ಪು ಇದೆಯೋ ಇಲ್ಲವೋ ಅಂತ ನೋಡಿದರೆ ಸಾಲದು, ಯಾವ ತಪ್ಪು ಅಂತ ನೋಡಬೇಕು. ಗಿನಿ ಪಿಗ್ ಇಲ್ಲದೆ ಬರೆದ ಗುಲೋ ಉತ್ತರ ನನ್ನ ಲೆಕ್ಕದಲ್ಲಿ ಅಪೂರ್ಣ.

ಗೆಳೆಯನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಒಂದೇ ನಮೂನೆಯಲ್ಲಿ ಮಾಡಿದರೆ ಚೆನ್ನಾಗಿರುವುದು ಒಂದೇ ಥರ ಇರಬಹುದು. ಕೆಲಸಕ್ಕೇ ಬಾರದ್ದು ಒಂದೇ ಜಾಗದಲ್ಲಿ ಮುರಿದಿರಲು ನಕಲಾಗಿ ಬಂದಿರಬೇಕು. ಅವನು ಪೂರ್ತಿ ಒಪ್ಪಿದನೋ ಇಲ್ಲವೋ, ಗಿನಿ ಪಿಗ್ ಹತ್ತಿರ ಬಂದಾಗ ಸುಮ್ಮನಾದ.

ಕ್ರೋಮೋಸೋಮಿನ ಲೆಕ್ಕವೂ ಇದೇ ಜಾತಿಯದು. ಚಿಂಪಾಂಜಿಗೆ 48, ನಮಗೆ 46. ಎರಡು ಬೆಸೆದು ನಮ್ಮ 2ನೇ ಕ್ರೋಮೋಸೋಮ್ ಆಗಿದೆ. ತುದಿಯಲ್ಲಿ ಇರಬೇಕಾದ ಡಿಎನ್‌ಎ ಅಕ್ಷರಗಳ ಸಾಲು ಅದರ ನಡುವೆ ಇರುವುದನ್ನು 1991ರಲ್ಲಿ ತೋರಿಸಿದರು. ಬೆಸೆದ ಗುರುತು ಅದೇ.

ಹತ್ತಿ ಹೊಲದಲ್ಲಿ

ವಿಕಾಸ ಕಣ್ಣೆದುರೇ ನಡೆಯುವುದಕ್ಕೂ ಸಾಕ್ಷಿ ಇದೆ. "ಹುಳಕ್ಕ ಎಣ್ಣಿ (ಕೀಟನಾಶಕ) ರೂಢಿ ಆಗ್ಯಾದ" ಅಂತ ಊರಲ್ಲಿ ಹೇಳುತ್ತಾರೆ. ಒಂದು ಹುಳ ತನ್ನ ಆಯುಷ್ಯದಲ್ಲಿ ರೂಢಿ ಮಾಡಿಕೊಂಡು ಅದನ್ನು ಮಕ್ಕಳಿಗೆ ಕೊಡುವುದಿಲ್ಲ. ತಡೆಯುವ ಗುಣ ಮೊದಲೇ ಇದ್ದ ಕೆಲವು ಉಳಿಯುತ್ತವೆ, ಅವುಗಳ ಸಂತತಿ ಹೊಲ ತುಂಬುತ್ತದೆ.

ಬಿಟಿ ಹತ್ತಿ ಅಂದರೆ ಒಂದು ಬ್ಯಾಕ್ಟೀರಿಯಾದ ಜೀನ್ ಸೇರಿಸಿದ್ದರಿಂದ ಹುಳ ಕೊಲ್ಲುವ ವಿಷವನ್ನು ತಾನೇ ಮಾಡಿಕೊಳ್ಳುವ ಹತ್ತಿ. ಅದಕ್ಕೆ ಭಾರತದಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಗುಜರಾತಿನ ಹೊಲಗಳಲ್ಲಿ ಗುಲಾಬಿ ಕಾಯಿಕೊರಕ ಅದನ್ನು ತಿಂದು ಬದುಕುತ್ತಿದೆ ಎಂದು 2010ರಲ್ಲಿ ಹೊರಬಿತ್ತು. ಬಿಟಿ ವಿಷ ಹುಳದ ಕರುಳಿನಲ್ಲಿ ಕ್ಯಾಡ್ಹೆರಿನ್ ಎನ್ನುವ ಪ್ರೋಟೀನಿಗೆ ಅಂಟಿಕೊಂಡು ಕೆಲಸ ಮಾಡುತ್ತದೆ. ಬದುಕುಳಿದ ಹುಳಗಳಲ್ಲಿ ಆ ಪ್ರೋಟೀನಿನ ಜೀನೇ ಬದಲಾಗಿದೆ. ಅಂಟಲು ಜಾಗವಿಲ್ಲ.

ಬೀಜದ ಡಬ್ಬಿಯಲ್ಲಿ 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಹತ್ತಿಯ ಪೊಟ್ಟಣ ಕೊಡುತ್ತಿದ್ದದ್ದು ಇದಕ್ಕೇ. ಅದನ್ನು ಹೊಲದ ಸುತ್ತ ಬಿತ್ತಿದರೆ ಅಲ್ಲಿ ವಿಷ ತಡೆಯಲಾರದ ಹುಳಗಳೂ ಬದುಕಿರುತ್ತವೆ. ತಡೆದುಕೊಂಡ ಪತಂಗ ಅವುಗಳ ಜೊತೆ ಕೂಡಿದರೆ ಮರಿಗಳಿಗೆ ಆ ಬದಲಾದ ಜೀನಿನ ಒಂದೇ ಪ್ರತಿ ಸಿಗುತ್ತದೆ. ಒಂದು ಪ್ರತಿ ಸಾಲದು, ಬಿಟಿ ಹತ್ತಿ ತಿಂದರೆ ಸಾಯುತ್ತವೆ. ಬಹಳ ಜನ ಆ ಪೊಟ್ಟಣ ಬಿತ್ತಲಿಲ್ಲ.

ಇನ್ನೊಂದು ಹುಳ ಹಸಿರು ಕಾಯಿಕೊರಕ. ಅದೂ ಹತ್ತಿ ತಿನ್ನುತ್ತದೆ, ಆದರೆ ಬಿಟಿ ಹತ್ತಿಗೆ ಗುಲಾಬಿ ಹುಳದಷ್ಟು ಕಾಟ ಕೊಟ್ಟಿಲ್ಲ. ಗುಲಾಬಿ ಹುಳಕ್ಕೆ ಹೆಚ್ಚುಕಮ್ಮಿ ಹತ್ತಿಯೊಂದೇ ಊಟ. ಹಸಿರು ಹುಳಕ್ಕೆ ತೊಗರಿ, ಕಡಲೆಯೂ ಆಗುತ್ತದೆ. ಕಲಬುರಗಿಯ ತೊಗರಿ ಹೊಲಗಳಲ್ಲಿ ಬಿಟಿ ವಿಷ ಇಲ್ಲ. ಪೊಟ್ಟಣದ ಬೀಜ ಮಾಡಬೇಕಿದ್ದ ಕೆಲಸವನ್ನು ಅವು ಯಾರೂ ಹೇಳದೆ ಮಾಡುತ್ತಿವೆ.