ಟಚ್ ಎಂದರೆ ಗಾಜಲ್ಲ, ಡಿಸ್‌ಪ್ಲೇಯೂ ಅಲ್ಲ

ಕಳೆದ ವಾರ ಮೊಬೈಲ್ ಅಂಗಡಿಯೊಂದರಲ್ಲಿ ನನ್ನ ಪಕ್ಕ ನಿಂತಿದ್ದ ಹುಡುಗನಿಗೆ ಮಾರುವವರು, "ಇದರ ಡಿಸ್‌ಪ್ಲೇ 240 ಹರ್ಟ್ಸ್, ನೀವು ನೋಡಿದ ಆ ಫೋನಿನದು ಬರೀ 120" ಎಂದು ಹೇಳಿ, ಹೆಚ್ಚು ಬೆಲೆಯ ಫೋನನ್ನೇ ಕೊಡಿಸಿದರು. ಡಬ್ಬಿಯ ಮೇಲೆ 240 ಎಂಬ ಅಂಕಿ ಇದ್ದದ್ದು ನಿಜ, ಆದರೆ ಅದರ ಹಿಂದೆ ಬರೆದಿದ್ದದ್ದು 'ಟಚ್ ಸ್ಯಾಂಪ್ಲಿಂಗ್ ರೇಟ್' ಎಂದು. ಅದೇ ಅಂಗಡಿಯ ರಿಪೇರಿ ಮೇಜಿನ ಎದುರು ಒಬ್ಬ ಹೆಂಗಸು ಬಿರುಕುಬಿಟ್ಟ ಫೋನನ್ನು ಮುಂದಿಟ್ಟು "ಟಚ್ ಹೋಗಿದೆ" ಎನ್ನುತ್ತಿದ್ದರು. ಅವರ ಬೆರಳು ಓಡಾಡಿದಲ್ಲೆಲ್ಲ ಪುಟಗಳು ಸರಾಗವಾಗಿ ಸರಿಯುತ್ತಿದ್ದವು. ಒಬ್ಬರು ಟಚ್ಚನ್ನು ಡಿಸ್‌ಪ್ಲೇ ಎಂದರು, ಇನ್ನೊಬ್ಬರು ಗಾಜನ್ನು ಟಚ್ ಎಂದರು. ಈ ಗೊಂದಲವನ್ನು ಇನ್ನೂ ಎಷ್ಟು ಸಲ ಸುಮ್ಮನೆ ಕೇಳಿಸಿಕೊಳ್ಳಬೇಕು ಎಂದು ಅನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಫೋನಿನ ಮುಖ ಒಂದೇ ಹಾಳೆಯಂತೆ ಕಂಡರೂ ಅದರಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಮೇಲಿನ ಗಾಜು ಕಾಯುತ್ತದೆ, ಅದರಡಿಯ ಟಚ್ ಪದರ ಬೆರಳು ಎಲ್ಲಿದೆಯೆಂದು ತಿಳಿಯುತ್ತದೆ, ಅದರ ಕೆಳಗಿನ ಡಿಸ್‌ಪ್ಲೇ ಚಿತ್ರವನ್ನು ತೋರಿಸುತ್ತದೆ. ಟಚ್ ಫೋನಿನ ಕಿವಿಯಾದರೆ ಡಿಸ್‌ಪ್ಲೇ ಅದರ ಬಾಯಿ. ಕಿವಿಯ ಗುಣವನ್ನು ಬಾಯಿಗೆ ಹಚ್ಚಿ ಹೇಳುವುದರಿಂದಲೇ ಕೊಳ್ಳುವವರಿಗೆ ನಷ್ಟವಾಗುತ್ತಿದೆ.

ಈ 'ಟಚ್' ಎಂಬ ಮಾತಿನ ಜಾಗದಲ್ಲಿ ಕನ್ನಡದಲ್ಲಿ ನಾವು ಬಳಸುವ ಕ್ರಿಯಾಪದ ಯಾವುದೆಂದು ಯೋಚಿಸಿ ನೋಡಿ. 'ಕನ್ನಡಕ್ಕಾಗಿ ಒಂದನ್ನು ಒತ್ತಿ' ಎಂಬ ಧ್ವನಿಯನ್ನು ಕೇಳಿ ಕೇಳಿ ನಮಗೆ ಫೋನ್ ಎಂದರೆ ಒತ್ತುವುದೇ ಆಗಿದೆ. ಗುಂಡಿಗಳಿದ್ದ ಫೋನಿಗೆ ಆ ಮಾತು ಸರಿಯಾಗಿತ್ತು. ಟಚ್‌ಸ್ಕ್ರೀನುಗಳಲ್ಲಿಯೂ ಒಂದು ಜಾತಿಗೆ ಅದು ಅಕ್ಷರಶಃ ಒಪ್ಪುತ್ತದೆ. ಅದರ ಹೆಸರು ರೆಸಿಸ್ಟಿವ್. ಅದರಲ್ಲಿ ವಿದ್ಯುತ್ ಹರಿಯುವ ಎರಡು ಪಾರದರ್ಶಕ ಪದರಗಳು ಕೂದಲೆಳೆಯ ಅಂತರದಲ್ಲಿ ಬಿಡಿಬಿಡಿಯಾಗಿ ಇರುತ್ತವೆ. ಮೇಲಿನ ಮೆತ್ತನೆಯ ಪದರವನ್ನು ಒತ್ತಿದಾಗ ಅದು ಬಾಗಿ ಕೆಳಗಿನದಕ್ಕೆ ತಾಗುತ್ತದೆ, ತಾಗಿದ ಜಾಗದ ವೋಲ್ಟೇಜನ್ನು ಅಳೆದು ಫೋನ್ ಸ್ಥಳವನ್ನು ಕಂಡುಹಿಡಿಯುತ್ತದೆ. ಒತ್ತುವುದು ಉಗುರೋ, ಕಡ್ಡಿಯೋ, ಕೈಗವಸು ತೊಟ್ಟ ಬೆರಳೋ ಎಂಬುದು ಅದಕ್ಕೆ ಮುಖ್ಯವಲ್ಲ. 2008ರಲ್ಲಿ ಬಂದ ನೋಕಿಯಾ 5800 ಫೋನಿನ ಜೊತೆ ಒಂದು ಪುಟ್ಟ ಕಡ್ಡಿಯನ್ನೂ ಗಿಟಾರ್ ಮೀಟುವ ಬಿಲ್ಲೆಯನ್ನೂ ಕೊಡುತ್ತಿದ್ದುದು ಇದೇ ಕಾರಣಕ್ಕೆ.

ಇಂದಿನ ಸ್ಮಾರ್ಟ್‌ಫೋನುಗಳಲ್ಲಿ ಇರುವುದು ಇನ್ನೊಂದು ಜಾತಿ, ಕೆಪ್ಯಾಸಿಟಿವ್. ಇದು ಹೊಸದೆಂದು ತಿಳಿಯುವವರು ಬಹಳ, ಆದರೆ ಇಂಗ್ಲೆಂಡಿನ ರಾಯಲ್ ರಾಡಾರ್ ಸಂಸ್ಥೆಯ ಇ. ಎ. ಜಾನ್ಸನ್ 1965ರಲ್ಲಿಯೇ ಇದರ ಕುರಿತು ಬರೆದಿದ್ದರು. ಜನರ ಜೇಬಿಗೆ ಇದು ಬಂದದ್ದು 2007ರಲ್ಲಿ, ಎಲ್‌ಜಿ ಪ್ರಾಡಾ ಮತ್ತು ಐಫೋನುಗಳ ಮೂಲಕ. ಇದರಲ್ಲಿ ಗಾಜಿನಡಿ ಕಣ್ಣಿಗೆ ಕಾಣದಷ್ಟು ತೆಳುವಾದ ವಿದ್ಯುತ್ ಗೆರೆಗಳು ಅಡ್ಡಕ್ಕೂ ಉದ್ದಕ್ಕೂ ಹರಡಿರುತ್ತವೆ. ಅವು ಸಾಮಾನ್ಯವಾಗಿ ಇಂಡಿಯಮ್ ಟಿನ್ ಆಕ್ಸೈಡ್ ಎಂಬ ಪಾರದರ್ಶಕ ವಾಹಕದವು. ಗೆರೆಗಳು ಒಂದನ್ನೊಂದು ದಾಟುವಲ್ಲೆಲ್ಲ ಚೂರು ವಿದ್ಯುದಾವೇಶ ನಿಂತಿರುತ್ತದೆ. ನಮ್ಮ ಬೆರಳೂ ವಿದ್ಯುತ್ತನ್ನು ಒಯ್ಯುವ ವಸ್ತುವಾದ್ದರಿಂದ ಅದು ಹತ್ತಿರ ಬಂದರೆ ಆ ಆವೇಶದ ಲೆಕ್ಕ ಸ್ವಲ್ಪ ಏರುಪೇರಾಗುತ್ತದೆ, ಆ ಏರುಪೇರು ಎಲ್ಲಿ ಆಯಿತೆಂಬುದನ್ನು ಫೋನ್ ಹಿಡಿಯುತ್ತದೆ. ಇಲ್ಲಿ ಒತ್ತಡಕ್ಕೆ ಯಾವ ಪಾತ್ರವೂ ಇಲ್ಲ. ಬೆರಳು ಆ ಗೆರೆಗಳನ್ನು ಮುಟ್ಟುವುದೂ ಇಲ್ಲ, ಏಕೆಂದರೆ ನಡುವೆ ಗಾಜಿದೆ. ಹಾಗಾಗಿ ಇದಕ್ಕೆ ಸಲ್ಲುವ ಕನ್ನಡದ ಮಾತು ಒತ್ತುವುದಲ್ಲ, ಕಟ್ಟುನಿಟ್ಟಾಗಿ ನೋಡಿದರೆ ಮುಟ್ಟುವುದೂ ಅಲ್ಲ, ಸೋಕುವುದು. ಗಾಳಿ ಸೋಕಿತು, ಬಿಸಿಲು ಸೋಕಿತು ಎನ್ನುವಾಗ ಭಾರವನ್ನು ಹೇರದ ಒಂದು ಬಗೆಯ ತಾಗುವಿಕೆಯನ್ನು ನಾವು ಹೇಳುತ್ತೇವಲ್ಲ, ಅದು. 'ಸ್ಪರ್ಶಪರದೆ' ಎಂಬ ಪಠ್ಯಪುಸ್ತಕದ ಪದವೂ ತಪ್ಪಲ್ಲ, ಆದರೆ ಒತ್ತುವುದಕ್ಕೂ ಸೋಕುವುದಕ್ಕೂ ಇರುವ ಅಂತರವನ್ನು ಅದು ತೋರಿಸುವುದಿಲ್ಲ.

ಇದು ಪದಗಳ ಮೇಲಿನ ಹಟವಲ್ಲ. ನನ್ನ ಅಮ್ಮನಿಗೆ ಮೊದಲ ಸ್ಮಾರ್ಟ್‌ಫೋನ್ ಕೊಡಿಸಿದಾಗ ನಾನು "ಅಮ್ಮಾ, ಇದನ್ನ ಒತ್ತು" ಎಂದೇ ಹೇಳಿಕೊಟ್ಟೆ. ಅವರು ಹೆಬ್ಬೆರಳಿನಿಂದ, ಉಗುರಿನ ಬುಡ ಬೆಳ್ಳಗಾಗುವಷ್ಟು ಬಲವಾಗಿ, ಕರೆಯ ಚಿಹ್ನೆಯನ್ನು ಒತ್ತಿ ಹಿಡಿಯುತ್ತಿದ್ದರು. ಬೆರಳು ಅಷ್ಟು ಹೊತ್ತು ಒಂದೇ ಕಡೆ ನಿಂತದ್ದನ್ನು ಫೋನ್ ಬೇರೆಯೇ ಆಜ್ಞೆಯೆಂದು ತಿಳಿದು ಆ ಚಿಹ್ನೆಯನ್ನು ಕಿತ್ತು ಪಕ್ಕಕ್ಕೆ ಸರಿಸುತ್ತಿತ್ತು. ತಿಂಗಳುಗಟ್ಟಲೆ "ನನ್ನ ಕೈಗೆ ಇದು ಆಗಿಬರಲ್ಲ" ಎಂದು ಅವರು ಕೊರಗಿದರು. ಸಂತೆಯಲ್ಲಿ ಮಾವಿನಹಣ್ಣು ಮಾಗಿದೆಯೇ ಎಂದು ನೋಡುವಾಗ ಮುಟ್ಟುವಷ್ಟು ಮುಟ್ಟಿದರೆ ಸಾಕು ಎಂದು ತಂಗಿ ಹೇಳಿದ ದಿನವೇ ಸಮಸ್ಯೆ ಮುಗಿಯಿತು. ತಪ್ಪಿದ್ದದ್ದು ಅಮ್ಮನ ಕೈಯಲ್ಲಲ್ಲ, ನಾನು ಬಳಸಿದ ಕ್ರಿಯಾಪದದಲ್ಲಿ.

ಮಳೆಯಲ್ಲಿ ಫೋನ್ ತಾನಾಗಿಯೇ ಏನೇನೋ ತೆರೆಯುವುದಕ್ಕೂ ಇದೇ ಕಾರಣ: ನೀರಿನ ಹನಿಯೂ ಆ ಗೆರೆಗಳ ಆವೇಶದ ಲೆಕ್ಕವನ್ನು ಕೆಡಿಸಬಲ್ಲದು. ತೋಟದ ಕೆಲಸದಿಂದ ತುದಿ ಒಣಗಿ ಜಡ್ಡುಗಟ್ಟಿದ ಬೆರಳನ್ನು ಫೋನ್ ಕೆಲವೊಮ್ಮೆ ಗುರುತಿಸದಿರುವುದಕ್ಕೂ ಅದೇ ಕಾರಣ. ಅಂಥವರು ತುದಿಗಿಂತ ಬೆರಳಿನ ಹೊಟ್ಟೆಯನ್ನು ಬಳಸುವುದು ಒಳ್ಳೆಯದು. ಚಾರ್ಜಿಗೆ ಹಾಕಿದಾಗ ಮಾತ್ರ ಟಚ್ ಹುಚ್ಚೆದ್ದಂತೆ ಓಡಾಡಿದರೆ ಅದನ್ನು ವೈರಸ್ ಎನ್ನುವುದನ್ನು ದಯವಿಟ್ಟು ಬಿಡಬೇಕು. ಕಳಪೆ ಚಾರ್ಜರಿನ ವಿದ್ಯುತ್ ಗದ್ದಲ ಟಚ್ ಪದರಕ್ಕೆ ಬೆರಳಿನಂತೆ ಕಾಣುತ್ತಿರುವ ಸಾಧ್ಯತೆಯೇ ಹೆಚ್ಚು. ಮೊದಲು ಚಾರ್ಜರ್ ಬದಲಿಸಿ ನೋಡಬೇಕು.

ಇನ್ನು ಆ 240ರ ವಿಷಯ. ಟಚ್ ಸ್ಯಾಂಪ್ಲಿಂಗ್ ರೇಟ್ ಎಂದರೆ ಬೆರಳು ಎಲ್ಲಿದೆಯೆಂದು ಫೋನ್ ಸೆಕೆಂಡಿಗೆ ಎಷ್ಟು ಸಲ ನೋಡುತ್ತದೆ ಎಂಬ ಲೆಕ್ಕ. ರಿಫ್ರೆಶ್ ರೇಟ್ ಎಂದರೆ ಡಿಸ್‌ಪ್ಲೇ ಸೆಕೆಂಡಿಗೆ ಎಷ್ಟು ಸಲ ಚಿತ್ರವನ್ನು ಹೊಸದಾಗಿ ಬರೆಯುತ್ತದೆ ಎಂಬ ಲೆಕ್ಕ. 240 ಸಲ ನೋಡುವ ಫೋನ್ ಸುಮಾರು 4 ಮಿಲಿಸೆಕೆಂಡಿಗೊಮ್ಮೆ ಬೆರಳನ್ನು ಗಮನಿಸುತ್ತದೆ. 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬರೆಯುವ, ಡಿಸ್‌ಪ್ಲೇಯಲ್ಲಿ ಒಂದು ಚಿತ್ರ ಬದಲಾಗಲು ಸುಮಾರು 16.7 ಮಿಲಿಸೆಕೆಂಡ್ ಬೇಕು, 120 ಹರ್ಟ್ಸ್‌ನದರಲ್ಲಿ 8.3. ಆ ಹುಡುಗ ಕೊಂಡ ಫೋನಿನ ಡಬ್ಬಿಯಲ್ಲೇ ಸಣ್ಣ ಅಕ್ಷರದಲ್ಲಿ ರಿಫ್ರೆಶ್ ರೇಟ್ 90 ಎಂದಿತ್ತು. ಅವನು ಬೇಡವೆಂದ ಫೋನಿನದು 120. ಓದುವಾಗ ಸಾಲುಗಳು ನಯವಾಗಿ ಸರಿಯುವುದು ಈ ರಿಫ್ರೆಶ್ ರೇಟಿನಿಂದ. ಟಚ್ ಸ್ಯಾಂಪ್ಲಿಂಗ್ ರೇಟ್ ಆಟವಾಡುವವರಿಗೆ ಉಪಯೋಗ, ಉಳಿದವರು ಅದಕ್ಕಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ.

ಡಿಸ್‌ಪ್ಲೇಯ ಬಗೆಗಳು ಬಹುಪಾಲು ಓದುಗರಿಗೆ ಗೊತ್ತೇ ಇವೆ: ಎಲ್‌ಸಿಡಿಗೆ ಹಿಂದಿನಿಂದ ದೀಪ ಬೇಕು, ಐಪಿಎಸ್ ಎಂಬುದು ಅದರದೇ ಒಂದು ಬಗೆ, ಅಮೋಲೆಡ್‌ನಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ಕಪ್ಪು ಬೇಕಾದಲ್ಲಿ ಆರಿಹೋಗುತ್ತದೆ. ಕನ್ನಡ ಅಕ್ಷರ ಓದುವವರು ಗಮನಿಸಬೇಕಾದದ್ದು ಚುಕ್ಕಿಗಳ ಸಾಂದ್ರತೆಯನ್ನು. 6.7 ಇಂಚಿನ ಫೋನಿನಲ್ಲಿ 720 x 1600 ಚುಕ್ಕಿಗಳಿದ್ದರೆ ಇಂಚಿಗೆ ಸುಮಾರು 262, 1080 x 2400 ಇದ್ದರೆ ಸುಮಾರು 393. ಮೊದಲನೆಯದರಲ್ಲಿ ಸಣ್ಣ ಗಾತ್ರದ ಒತ್ತಕ್ಷರಗಳ ಅಂಚು ಮಸುಕಾಗುವುದು ನನ್ನ ಕಣ್ಣಿಗಂತೂ ಕಾಣುತ್ತದೆ.

ರಿಪೇರಿ ಮೇಜಿನ ಗೊಂದಲಕ್ಕೆ ಒಂದು ಇತಿಹಾಸವಿದೆ. ಹಿಂದೆ ಅನೇಕ ಫೋನುಗಳಲ್ಲಿ ಟಚ್ ಪದರ ಗಾಜಿಗೆ ಅಂಟಿ ಡಿಸ್‌ಪ್ಲೇಯಿಂದ ಬೇರೆಯಾಗಿಯೇ ಇರುತ್ತಿತ್ತು, ಗಾಜು ಒಡೆದರೆ ಎರಡನ್ನೂ ಒಟ್ಟಿಗೆ ಬದಲಿಸಿ 'ಟಚ್ ಹಾಕಿದೆ' ಎನ್ನುತ್ತಿದ್ದರು. ಆ ಮಾತು ಆಗ ನಿಜವಾಗಿತ್ತು. ಬರಬರುತ್ತಾ ಟಚ್ ಪದರವನ್ನು ಡಿಸ್‌ಪ್ಲೇಯ ಮೇಲೆಯೇ ಅಥವಾ ಅದರ ಒಳಗೇ ಕೂರಿಸಿದರು. 2012ರ ಐಫೋನ್ 5ರಲ್ಲಿ ಅದು ಎಲ್‌ಸಿಡಿಯ ಒಳಗೇ ಇತ್ತು, ಇದಕ್ಕೆ ಇನ್‌ಸೆಲ್ ಎಂದು ಹೆಸರು. ಅಂಥ ಫೋನಿನಲ್ಲಿ ಟಚ್ ಕೆಟ್ಟರೆ ಗಾಜು, ಟಚ್, ಡಿಸ್‌ಪ್ಲೇ ಮೂರೂ ಸೇರಿದ, ಅಂಗಡಿಯವರು ಕಾಂಬೋ ಎನ್ನುವ ಇಡೀ ಜೋಡಣೆಯನ್ನೇ ಬದಲಿಸಬೇಕು, ಬರೀ ಗಾಜು ಒಡೆದಿದ್ದರೆ ಯಂತ್ರವಿರುವ ಅಂಗಡಿಯಲ್ಲಿ ಗಾಜನ್ನಷ್ಟೇ ಬಿಡಿಸಿ ಹೊಸದನ್ನು ಅಂಟಿಸಬಹುದು. ಎರಡರ ಖರ್ಚಿಗೂ ಅಜಗಜಾಂತರವಿದೆ. ಕೆಲಸ ಮಾಡುತ್ತಿರುವ ಟಚ್ಚನ್ನು 'ಹೋಗಿದೆ' ಎಂದು ನಾವೇ ಹೇಳಿದರೆ ಕಾಂಬೋ ಹಾಕುವವರಿಗೆ ದಾರಿ ಮಾಡಿಕೊಟ್ಟಂತೆ.

ಬಿಡಿಭಾಗಗಳ ಪೇಟೆಯಲ್ಲಿ ಇದೇ ಇನ್‌ಸೆಲ್ ಎಂಬ ಮಾತಿಗೆ ಈಗ ಬೇರೆ ಅರ್ಥ ಬಂದಿದೆ. ಒಎಲ್‌ಇಡಿ (ಅಮೋಲೆಡ್ ಇದರದೇ ಒಂದು ಬಗೆ) ಇದ್ದ ಫೋನಿಗೆ ಹಾಕುವ ಅಗ್ಗದ ಎಲ್‌ಸಿಡಿಯನ್ನು ಅಲ್ಲಿ ಇನ್‌ಸೆಲ್ ಎನ್ನುತ್ತಾರೆ. "ಇನ್‌ಸೆಲ್ ಹಾಕಲೇ?" ಎಂದು ಕೇಳಿದರೆ ಅದೊಂದು ಉನ್ನತ ತಂತ್ರಜ್ಞಾನವೆಂದು ತಿಳಿದು ತಲೆಯಾಡಿಸಬೇಡಿ. ಅದನ್ನು ಹಾಕಿಸಿದ ಮೇಲೆ ಕಪ್ಪು ಬಣ್ಣ ಬೂದುಬಣ್ಣವಾಗಿ ಕಾಣುತ್ತದೆ. ಪರದೆಯ ಕೆಳಗೆ ಬೆಳಕಿನಿಂದ ಬೆರಳಚ್ಚು ಓದುವ ಸೆನ್ಸರ್ ಇದ್ದರೆ, ಎಲ್‌ಸಿಡಿಯ ಹಿಂದಿನ ದೀಪದ ಪದರ ಅಡ್ಡ ಬರುವುದರಿಂದ ಅದೂ ನಿಂತುಹೋಗುತ್ತದೆ.

ಹಳೆಯ ಫೋನ್ ಕೊಳ್ಳುವಾಗ ಇದೇ ಗುರುತು ಉಪಯೋಗಕ್ಕೆ ಬರುತ್ತದೆ: ಮೂಲದಲ್ಲಿ ಅಂಥ ಸೆನ್ಸರ್ ಇದ್ದ ಫೋನಿನಲ್ಲಿ ಬೆರಳಚ್ಚು ಕೆಲಸ ಮಾಡದಿದ್ದರೆ ಕಾಂಬೋ ಬದಲಾಗಿದೆಯೇ ಎಂದು ಕೇಳಲೇಬೇಕು. ಟಚ್ಚನ್ನು ಪರೀಕ್ಷಿಸಲು ಆಂಡ್ರಾಯ್ಡ್ ಫೋನುಗಳಲ್ಲಿಯೇ ಸಾಧನವಿದೆ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರನ್ನು ಏಳು ಸಲ ತಟ್ಟಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ, ಅಲ್ಲಿ 'ಪಾಯಿಂಟರ್ ಲೊಕೇಶನ್' ಅನ್ನು ಆನ್ ಮಾಡಿದರೆ ಬೆರಳು ಹೋದ ದಾರಿ ಗೆರೆಯಾಗಿ ಮೂಡುತ್ತದೆ. ಗದ್ದೆ ಉಳುವವರು ಸಾಲು ಬಿಡದೆ ಹೋಗುವಂತೆ ಅಂಚಿನಿಂದ ಅಂಚಿಗೆ ನಿಧಾನವಾಗಿ ಬೆರಳಾಡಿಸಿ. ಗೆರೆ ಎಲ್ಲಿ ತುಂಡಾಯಿತೋ ಅಲ್ಲಿ ಟಚ್ ಸತ್ತಿದೆ, ಮೇಲಿನ ಗಾಜು ಎಷ್ಟೇ ಹೊಳೆಯುತ್ತಿದ್ದರೂ.