ಬೇಸಿಗೆಯಲ್ಲಿ ಬತ್ತುವ ಹಳ್ಳಕ್ಕೂ ಗಡಿ ಇದೆಯಾ?

ಪ್ರಶ್ನೆ: ಮದ್ದೂರು ಹತ್ತಿರ ಜಮೀನು ನೋಡಿದ್ದೇವೆ. ಪಕ್ಕದಲ್ಲೇ ಹಳ್ಳ, ಬೇಸಿಗೆಯಲ್ಲಿ ನೀರಿರಲ್ಲ. ಮಾರುವವರು ‘ನೀರು ಹರಿಯುವಷ್ಟು ಬಿಟ್ಟು ಮಿಕ್ಕಿದ್ದೆಲ್ಲ ನಮ್ಮದೇ’ ಅಂತಾರೆ. ಸರ್ಕಾರದ ಲೆಕ್ಕದಲ್ಲಿ ಹಳ್ಳ ಎಲ್ಲಿಂದ ಎಲ್ಲಿವರೆಗೆ?

ಉತ್ತರ: ಮಂಡ್ಯ, ಮೈಸೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆ ಇದು. ಆ ಮಾತು ನಂಬಿ ಅಡ್ವಾನ್ಸ್ ಕೊಡಬೇಡಿ. ಇವತ್ತು ನೀರು ಎಲ್ಲಿದೆ ಅಂತ ನೋಡಿ ಹಳ್ಳದ ಗಡಿ ಹೇಳಲಾಗದು. ಒಣಗಿದ್ದರೂ ಹಳ್ಳ ಹಳ್ಳವೇ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೇ ಕಲಂ ಪ್ರಕಾರ ನದಿ, ಹಳ್ಳ, ಕೆರೆಗಳ ಪಾತ್ರ ಸರ್ಕಾರದ್ದು. ಅದು ಎಷ್ಟಗಲ ಅನ್ನೋದಕ್ಕೆ ಸರ್ವೆ ದಾಖಲೆ ತೆಗೆಸಬೇಕು.

ಮೊದಲು ಗ್ರಾಮ ನಕ್ಷೆ. ಹಳ್ಳಕ್ಕೆ ಎರಡು ಗೆರೆ ಎಳೆದಿದ್ದರೆ ಸಾಮಾನ್ಯವಾಗಿ ಅದು ಅಕ್ಕಪಕ್ಕದ ಸರ್ವೆ ನಂಬರುಗಳಿಂದ ಹೊರಗಿರುತ್ತದೆ. ಸರ್ವೆ ನಂಬರಿನ ಒಳಗೇ ಹಾದುಹೋಗಿದ್ದರೆ ಪಹಣಿಯಲ್ಲಿ ಬಿ ಖರಾಬು (ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗ) ನೋಡಿ. 2 ಎಕರೆಯಲ್ಲಿ 6 ಗುಂಟೆ ಬಿ ಖರಾಬು ಇದ್ದರೆ ನಿಮಗೆ ದಕ್ಕುವುದು 1 ಎಕರೆ 34 ಗುಂಟೆ ಅಷ್ಟೇ. ಆ 6,534 ಚದರ ಅಡಿಗೆ ಯಾಕೆ ದುಡ್ಡು ಕೊಡಬೇಕು, ಅಲ್ವಾ?

ತುಂಬ ಜನ ಎಡವುವುದು ಅಳತೆಯಲ್ಲಿ. ನಕ್ಷೆಯ ಜೆರಾಕ್ಸ್ ಮೇಲೆ ಸ್ಕೇಲ್ ಇಟ್ಟು ಲೆಕ್ಕ ಹಾಕಿಬಿಡುತ್ತಾರೆ. ಹಳೇ ಗ್ರಾಮ ನಕ್ಷೆಗಳು ಸಾಮಾನ್ಯವಾಗಿ ಮೈಲಿಗೆ 8 ಇಂಚಿನವು. ನಕ್ಷೆಯ 1 ಮಿಲಿಮೀಟರ್ ಅಂದರೆ ನೆಲದ ಮೇಲೆ ಸುಮಾರು 8 ಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ 4 ಮೀಟರ್ ನುಂಗುತ್ತದೆ! ಸರ್ಕಾರದ ಮೊಬೈಲ್ ನಕ್ಷೆ ದಿಶಾಂಕ್ ಆಪ್ ಸರ್ವೆ ನಂಬರ್ ತಿಳಿಯೋಕೆ ಸರಿ, ಕಲ್ಲು ನೆಡೋಕೆ ಸಾಲದು. ಅದಕ್ಕೇ ಟಿಪ್ಪಣಿ ಅನ್ನುವ ಸರ್ವೆ ದಾಖಲೆ ಬೇಕು. ಜಮೀನಿನ ಅಳತೆಯನ್ನು ಸರ್ವೆಯವರು ಚೈನು, ಆಣೆ ಲೆಕ್ಕದಲ್ಲಿ ಅದರಲ್ಲಿ ಬರೆದಿಟ್ಟಿರುತ್ತಾರೆ. 33 ಅಡಿಗೆ ಒಂದು ಚೈನು, ಚೈನಿಗೆ 16 ಆಣೆ. ಮಾರುವವರಿಂದಲೇ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಿಕೊಡಲು, ಅರ್ಜಿ ಹಾಕಿಸಿ. ಸರ್ಕಾರಿ ಸರ್ವೇಯರ್ ಅಳೆಯುವ ದಿನ ನೀವೂ ಅಲ್ಲಿರಿ, ಗಡಿ ಗುರುತಿನ ಬಾಂದು ಕಲ್ಲು ಎಲ್ಲಿ ಬಿತ್ತು ಅಂತ ಕಣ್ಣಾರೆ ನೋಡಿ. ಹಳ್ಳ ಪಕ್ಕಕ್ಕೆ ಸರಿದಿದೆ ಅಂದ ಮಾತ್ರಕ್ಕೆ ದಾಖಲೆ ತಾನಾಗಿ ಬದಲಾಗಲ್ಲ.

ಮನೆ ಕಟ್ಟುವುದಾದರೆ ಗಡಿಯಿಂದಾಚೆಗೂ ಜಾಗ ಬಿಡಬೇಕಾಗಬಹುದು. ಕೆರೆಯಿಂದ 75 ಮೀಟರ್ ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ಬೆಂಗಳೂರಿಗೆ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿದ್ದು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಿಮ್ಮ ಜಾಗಕ್ಕೆ ಯಾವ ನಿಯಮ ಅಂತ ಅಲ್ಲಿನ ಯೋಜನಾ ಪ್ರಾಧಿಕಾರದಲ್ಲೇ ಕೇಳಿ.

ಇಷ್ಟು ಕಾಗದದ ಗಡಿ. ನೀರಿನ ಗಡಿ ಬೇರೆ, ನನಗೆ ಅದೇ ಹೆಚ್ಚು ಮುಖ್ಯ. 2019ರ ಆಗಸ್ಟ್‌ನಲ್ಲಿ ಕಬಿನಿ ಉಕ್ಕಿ ನಂಜನಗೂಡಿನ ತಗ್ಗು ಬಡಾವಣೆಗಳಿಗೆ ನುಗ್ಗಿದಾಗ ಯಾರ ಪಹಣಿಯನ್ನೂ ಕೇಳಲಿಲ್ಲ. ಹಳ್ಳದ ದಂಡೆ ಮೇಲೆ ನಿಧಾನವಾಗಿ ನಡೆಯಿರಿ. ಹೊಂಗೆ ಮರದ ಬೇರು ಎಲ್ಲಿ ಹೊರಬಿದ್ದಿದೆ? ಕೊಂಬೆಗೆ, ತಂತಿ ಬೇಲಿಗೆ ಕಸಕಡ್ಡಿ ಎಷ್ಟೆತ್ತರದಲ್ಲಿ ಸಿಕ್ಕಿಕೊಂಡಿದೆ? ಮರಳು ಮುಗಿದು ಹೊಲದ ಮಣ್ಣು ಎಲ್ಲಿ ಶುರುವಾಗುತ್ತದೆ? ಪಕ್ಕದ ಗದ್ದೆಯ ಹಿರಿಯರನ್ನೂ ಕೇಳಿ, ದೊಡ್ಡ ಮಳೆಗೆ ನೀರು ಎಲ್ಲಿವರೆಗೆ ಬಂದಿತ್ತು ಅಂತ. ಆ ಗುರುತು ಬಾಂದು ಕಲ್ಲಿಗಿಂತ ಒಳಗೆ ಬಂದಿದ್ದರೆ, ಅಲ್ಲಿವರೆಗೂ ದನದ ಮೇವು ಬೆಳೆದುಕೊಳ್ಳಿ. ಪಾಯ ಮಾತ್ರ ಅದರಿಂದ ಮೇಲಕ್ಕೇ ತೆಗೆಸಿ.